ಆಯ್ತು ಎಂದ ಮೇಲೆ

ಮಾರ್ಚ್ 3, ಭಾನುವಾರ

"ಆಗಿದ್ದನ್ನೆಲ್ಲ ಬರೆದಿಡಿ ಅಮ್ಮಾ, ಕೇಸಿಗೆ ಉಪಯೋಗಕ್ಕೆ ಬರುತ್ತೆ" ಎಂದು ನಮ್ಮ ವಕೀಲರು ಕೇಸು ಹಾಕಿದ ದಿನದಿಂದ ಹೇಳುತ್ತಿದ್ದಾರೆ. ಬರೆಯುವಂಥದ್ದು ಇವತ್ತು ಆಗಿದೆ. ಅವರಿಗೆ ತೋರಿಸುತ್ತೇನೋ ಇಲ್ಲವೋ, ಆಮೇಲಿನ ಮಾತು. ನನ್ನ ತಂಗಿಯನ್ನು ಇಲ್ಲಿ 'ಎದುರು ಪಕ್ಷ' ಎಂದೇ ಬರೆಯುತ್ತೇನೆ. ಕೋರ್ಟಿನ ಕಾಗದದಲ್ಲಿ ಹಾಗೇ ಇದೆ. ಅಪ್ಪ ಅವಳನ್ನು ಪಾಪು, ಪಾಪು ಎಂದು ಕರೆದೇ ತಲೆ ಮೇಲೆ ಕೂರಿಸಿಕೊಂಡಿದ್ದು. ಐವತ್ತು ದಾಟಿದವಳು ಯಾವ ಸೀಮೆ ಪಾಪು!

ರಜೆಯಾದರೂ ಇಸ್ತ್ರಿ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಅಂಗಡಿಗೆ ಹೋದೆ. ಎದುರು ಪಕ್ಷ ತನ್ನ ಮಿಷನ್ನಿಗೆ ಎಣ್ಣೆ ಬಿಡುತ್ತಾ ಕೂತಿತ್ತು. ಕರೆಂಟು ಹೋಯಿತು. ಶಟರ್ ಅರ್ಧ ಇಳಿದಿತ್ತು. ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣದ್ದರಿಂದಲೋ ಏನೋ ಮಾತು ಬಂತು.

"ಹೀಗೇ ಎಷ್ಟು ದಿನ ಅಕ್ಕಾ? ನಮ್ಮ ಕೇಸಿಂದ ನಿಮ್ಮ ವಕೀಲರು ಮನೆ ಕಟ್ಟಿಸಿದ್ರು, ನಮ್ಮ ವಕೀಲರು ಮಹಡಿ ಹಾಕಿಸ್ತಿದ್ದಾರೆ" ಎಂದಳು.

ನಗು ಬಂತು. ಕತ್ತಲಲ್ಲವೇ, ನಕ್ಕೆ.

ಅಂಗಡಿ ಅಪ್ಪನದು, ಇಬ್ಬರಿಗೂ ಸೇರಿದ್ದು. ಕತ್ತರಿಸುವುದು ನಾನು, ಹೊಲಿಯುವುದು ಅವಳು. ರೆಡಿಮೇಡ್ ಬಂದ ಮೇಲೆ ಕೋಟು ಹೊಲಿಸುವವರು ಕಡಿಮೆಯಾದರು, ಸುಳ್ಳಲ್ಲ. ಹಾಗಂತ ನನ್ನನ್ನು ಒಂದು ಮಾತು ಕೇಳದೆ 'ಇಲ್ಲಿ ಆಲ್ಟರೇಷನ್ ಮಾಡಿಕೊಡಲಾಗುವುದು' ಎಂದು ಮುಂದಿನ ಗಾಜಿಗೆ ಅಂಟಿಸುವುದೇ? ಅಪ್ಪ ಸೂಟು ಕತ್ತರಿಸುತ್ತಿದ್ದ ಟೇಬಲ್ ಮೇಲೆ ಯಾರದೋ ಜಿಪ್ಪು ಕಿತ್ತ ಪ್ಯಾಂಟು! ಆ ಚೀಟಿಯನ್ನು ನಾನು ಕಿತ್ತೆ. ಅವಳು ಮತ್ತೆ ಅಂಟಿಸಿದಳು. ಕಡ್ಡಿ ಗುಡ್ಡವಾಗಿ ಕೋರ್ಟು ಮುಟ್ಟಿತು.

ಇವತ್ತು ಎಲ್ಲ ತೀರ್ಮಾನ ಮಾಡಿಕೊಂಡೆವು. ಗಿರಾಕಿಯ ಅಳತೆ ತೆಗೆಯುವಾಗ ನಾನು ಟೇಪು ಹಿಡಿದು ಕೂಗುವುದು, ಅವಳು ತಿರುಗಿ ಹೇಳಿ ಬರೆದುಕೊಳ್ಳುವುದು, ಇದು ಚಿಕ್ಕಂದಿನಿಂದ ಬಂದ ಪದ್ಧತಿ. "ಭುಜ ಹದಿನೆಂಟು" ಎಂದರೆ "ಹದಿನೆಂಟು" ಅನ್ನಬೇಕು. ಕತ್ತಲಲ್ಲಿ ಇದೂ ಹಾಗೇ ನಡೆಯಿತು.

"ಮುಂದಿನ ಕೋಣೆ ನನಗೆ."

"ಮುಂದಿನ ಕೋಣೆ ನಿನಗೆ."

"ಹಿಂದಿನ ಕೋಣೆ, ಅಂಗಳದ ಬಾಗಿಲು ನಿನಗೆ."

"ನನಗೆ."

ಬೋರ್ಡು ನನಗೆ, ದೊಡ್ಡ ಇಸ್ತ್ರಿ ಅವಳಿಗೆ. ಹೊಸ ಬಟ್ಟೆ ನಾನೊಬ್ಬಳೇ ಮಾಡಬೇಕು, ಆಲ್ಟರೇಷನ್ ಅವಳೊಬ್ಬಳೇ. ಎರಡು ಕೋಣೆಗಳ ನಡುವೆ ಗೋಡೆಯಿಲ್ಲವಲ್ಲ, ಚಾಕ್ ತೆಗೆದು ನೆಲಕ್ಕೆ ಗೆರೆಯನ್ನೂ ಎಳೆದೆ. ಅಲ್ಲಿಗೆ ಮುಗಿದಿತ್ತು. ಅಷ್ಟರಲ್ಲಿ ಅವಳ ನಾಲಿಗೆ ಸುಮ್ಮನಿರಬೇಕಲ್ಲ. "ಹೊಸ ಬಟ್ಟೆ ನೀನೇ ಇಟ್ಕೋ ಬಿಡಕ್ಕಾ, ಹೊಲಿಸೋಕೆ ಯಾರು ಬರ್ತಾರೆ" ಎಂದಳು. ಮೈ ಉರಿದುಹೋಯಿತು.

"ಇನ್ನೊಂದು ಷರತ್ತು" ಎಂದೆ. "ಕರೆಯದೆ ನೀನು ಈ ಗೆರೆ ದಾಟೋ ಹಾಗಿಲ್ಲ, ನಾನೂ ದಾಟೋ ಹಾಗಿಲ್ಲ."

ಎಣ್ಣೆ ಡಬ್ಬಿ ಕೆಳಗಿಟ್ಟ ಸದ್ದಾಯಿತು. ಆಮೇಲೆ "ದಾಟೋ ಹಾಗಿಲ್ಲ" ಎಂದಳು.

ಮನೆಗೆ ಬಂದು ಷರತ್ತುಗಳನ್ನೆಲ್ಲ ಮೊಬೈಲಿನಲ್ಲಿ ಟೈಪ್ ಮಾಡಿ, 'ಇದೇ ಅಂತಿಮ ತಾನೆ?' ಎಂದು ಕಳಿಸಿದೆ. 'ಆಯ್ತು' ಎಂದು ಬಂತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮಾರ್ಚ್ 5, ಮಂಗಳವಾರ

ವಕೀಲರಿಗೆ ಹೇಳಿದೆ. ಅವರ ಮುಖದಲ್ಲಿ ಸಂತೋಷಕ್ಕಿಂತ ದುಃಖವೇ ಹೆಚ್ಚಾಗಿ ಕಂಡಿತು, ಪಾಪ. ಎರಡೂ ಕಡೆ ವಕೀಲರು ಕೂತು ಕಾಗದ ಮಾಡುತ್ತಾರಂತೆ, ಇಬ್ಬರೂ ಸಹಿ ಹಾಕಿ ಕೋರ್ಟಿಗೆ ಕೊಟ್ಟರೆ ಮುಗಿಯಿತಂತೆ.

ಎದುರು ಪಕ್ಷ ಸಹಿಗೆ ಕಾಯದೆ ಇವತ್ತೇ ಮಿಷನ್ನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋಯಿತು. ಒಂದು ಕೈ ಹಾಕು ಎಂದು ಕೇಳಲಿಲ್ಲ. ನಾನೂ ಹಾಕಲಿಲ್ಲ.

ಮಾರ್ಚ್ 19, ಮಂಗಳವಾರ

ಗೆರೆಯ ಮೇಲೆ ಬಡಗಿ ಪ್ಲೈವುಡ್ಡಿನ ಅಡ್ಡಗೋಡೆ ನಿಲ್ಲಿಸಿದ. ಖರ್ಚು ನನ್ನದೇ. ನಡುವೆ ಒಂದು ಬಾಗಿಲು ಬಿಟ್ಟಿದ್ದಾನೆ, ಬೇಡ ಎಂದರೂ ಕೇಳಲಿಲ್ಲ. "ಬಾಗ್ಲಿಲ್ದಿರೋ ಗೋಡೆ ನಾನು ಮಾಡಲ್ಲಮ್ಮ, ಬೆಂಕಿಗಿಂಕಿ ಬಿದ್ರೆ ಎಲ್ಲಿಂದ ಓಡ್ತೀರ" ಎಂದ.

ಮುಂದಿನ ಕೋಣೆ ಪೂರಾ ನನ್ನದು. ಕಟಿಂಗ್ ಟೇಬಲ್ಲನ್ನು ಗಾಜಿನ ಹತ್ತಿರಕ್ಕೆ ಹಾಕಿಸಿಕೊಂಡೆ. ಬೀದಿಯಲ್ಲಿ ಹೋಗುವವರು ಒಳಗೆ ನೋಡಿ ಹೋಗುತ್ತಾರೆ. ಚೆನ್ನಾಗಿದೆ.

ಏಪ್ರಿಲ್ 8, ಸೋಮವಾರ

ಸಹಿ ಹಾಕುವುದಿಲ್ಲವಂತೆ!

ಹಾಡುವ ತಂಡವೊಂದು ಅಂಗಳದ ಬಾಗಿಲಿಂದ ಅವಳ ಹತ್ತಿರ ಹೋಗಿದೆ. ಇಡೀ ತಂಡಕ್ಕೆ ಹೊಸ ಉಡುಪು ಬೇಕಂತೆ. ಹೊಸ ಬಟ್ಟೆ ನನ್ನ ಪಾಲು ಎಂಬುದು ಆಗ ಅವಳಿಗೆ ಚುಚ್ಚಿದೆ. ಅವಳ ವಕೀಲರಿಂದ ಕಾಗದ ಬಂದಿದೆ: 'ನಮ್ಮ ಕಕ್ಷಿದಾರರು ಕೇವಲ ಮಾತುಕತೆ ನಡೆಸಿದ್ದಾರೆ, ಯಾವ ಒಪ್ಪಂದವೂ ಆಗಿರುವುದಿಲ್ಲ.'

ಗೋಡೆಯ ಹತ್ತಿರ ನಿಂತು ಕೇಳಿದೆ. "ಒಂದೊಂದು ಮಾತನ್ನೂ ತಿರುಗಿ ಹೇಳ್ಲಿಲ್ವಾ ನೀನು?"

"ಹೇಳ್ದೆ. ಕೇಳಿಸ್ತು ಅಂತ ಹೇಳ್ದೆ. ಒಪ್ಪಿದೆ ಅಂತ ಎಲ್ಲಿ ಹೇಳ್ದೆ?" ಪ್ಲೈವುಡ್ಡಿನ ಆಚೆಯಿಂದ ಉತ್ತರ. "ಗಿರಾಕಿ ಸೊಂಟ ನಲವತ್ತೆರಡು ಅಂತ ನೀನು ಕೂಗಿದ್ರೆ ನಾನೂ ನಲವತ್ತೆರಡು ಅಂತೀನಿ. ಅಷ್ಟು ದಪ್ಪ ಆಗು ಅಂತ ನಾನು ಒಪ್ಪಿಗೆ ಕೊಟ್ಟ ಹಾಗಾ?"

ಎಂಥ ನಾಲಿಗೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಪ್ಪ ಬಡಿದುಕೊಳ್ಳುತ್ತಿದ್ದುದು ಇವಳ ಕಿವಿಗೆ ಬೀಳಲೇ ಇಲ್ಲ. ಊಟ ಸೇರಲಿಲ್ಲ. ಆ ತಂಡದವರು ನನ್ನ ಗಾಜಿನ ಮುಂದೆಯೇ ಹಾದು ಅವಳ ಬಾಗಿಲಿಗೆ ಹೋಗಿದ್ದಾರೆ, ಅದನ್ನೂ ಬರೆದಿಡುತ್ತೇನೆ.

ಏಪ್ರಿಲ್ 9, ಮಂಗಳವಾರ

ವಕೀಲರ ಹತ್ತಿರ ಹೋಗಿದ್ದೆ. ಸಹಿಯೇ ಇಲ್ಲದ ಮೇಲೆ ನಮ್ಮ ಕಥೆ ಮುಗಿಯಿತೇ ಎಂದು ಕೇಳಿದೆ.

"ಸಹಿ ಇದ್ರೇನೇ ಒಪ್ಪಂದ ಅಂತ ಯಾರು ಹೇಳಿದ್ದು?" ಎಂದರು. "ಒಬ್ಬರು ಇಂತಿಂಥದ್ದು ಅಂತ ಖಚಿತವಾಗಿ ಹೇಳಬೇಕು. ಇನ್ನೊಬ್ಬರು ಅದನ್ನ ಹಾಗೇ ಒಪ್ಪಬೇಕು. ಮುಖ್ಯವಾದ ವಿಷಯ ಯಾವುದೂ ಬಾಕಿ ಇರಬಾರದು. ಇಬ್ಬರಿಗೂ ಇದಕ್ಕೆ ಕಟ್ಟುಬೀಳ್ತೀವಿ ಅನ್ನೋದು ಇರಬೇಕು. ಅಷ್ಟಾದರೆ ಕಾಗದ ಆಮೇಲೆ ಬಂದರೂ ನಡೆಯುತ್ತೆ, ಬರದಿದ್ದರೂ ನಡೆಯುತ್ತೆ. ಸಹಿ ಹಾಕೋವರೆಗೂ ಇದು ಲೆಕ್ಕಕ್ಕಿಲ್ಲ ಅಂತ ಇಬ್ಬರಲ್ಲಿ ಯಾರಾದರೂ ಅಂದಿದ್ರಾ?"

"ಇಲ್ಲ."

"ಹಾಗಿದ್ರೆ ಹೆದರಬೇಡಿ."

"ಮನಸ್ಸಲ್ಲಿ ಒಪ್ಪಿರಲಿಲ್ಲ ಅಂತಾಳಲ್ಲ?"

"ಮನಸ್ಸಲ್ಲಿ ಏನಿತ್ತು ಅಂತ ಕೋರ್ಟು ಇಣುಕಿ ನೋಡಲ್ಲ ಅಮ್ಮಾ. ಆಡಿದ್ದನ್ನ ನೋಡುತ್ತೆ, ಮಾಡಿದ್ದನ್ನ ನೋಡುತ್ತೆ. ಅವರು ಆಯ್ತು ಅಂತ ಮೆಸೇಜು ಹಾಕಿದ್ದಾರೆ, ಮಿಷನ್ನು ಹಿಂದಕ್ಕೆ ಸಾಗಿಸಿದ್ದಾರೆ. ನೀವು ಗೋಡೆ ಕಟ್ಟಿಸಿದ್ದೀರಿ. ಇನ್ನೇನು ಬೇಕು?"

ಬರುವಾಗ ಕಾಲು ಹಗುರವಾಗಿತ್ತು.

ಏಪ್ರಿಲ್ 27, ಶನಿವಾರ

ತಂಗಿಯ ಗಂಡ ಬಂದಿದ್ದ. ಬಸ್ ಓಡಿಸುವವನು, ಯಾರ ಜೊತೆಗೂ ಜಗಳಕ್ಕೆ ಬರುವ ಆಸಾಮಿಯಲ್ಲ. ಪ್ಯಾಂಟಿನ ಅಳತೆ ಕೊಡುವ ನೆಪ. ಟೇಪು ಸುತ್ತಿದೆ, ಹೊಟ್ಟೆ ಒಳಗೆಳೆದುಕೊಂಡು ನಿಂತ. ಉಸಿರು ಬಿಡಪ್ಪ, ಸುಳ್ಳು ಅಳತೆಗೆ ನಿಜವಾದ ಪ್ಯಾಂಟು ಹೇಗೆ ಹೊಲಿಯಲಿ ಎಂದೆ.

"ಅತ್ತಿಗೆ, ಹೊಸ ಬಟ್ಟೆ ಅನ್ನೋ ಒಂದು ಷರತ್ತು ಸಡಿಲ ಮಾಡಿ. ಮಿಕ್ಕಿದ್ದಕ್ಕೆಲ್ಲ ಕಣ್ಣುಮುಚ್ಚಿ ಸಹಿ ಹಾಕ್ತಾಳೆ. ಆ ಉಡುಪುಗಳನ್ನ ನೀವೇ ಕತ್ತರಿಸಿಕೊಟ್ಟರೆ ಇನ್ನೂ ಒಳ್ಳೇದು ಅಂದಳು."

"ಅಂದಳಾ?"

"ಬಾಯಿಬಿಟ್ಟು ಅನ್ನಲಿಲ್ಲ. ನನಗೆ ಗೊತ್ತಾಗುತ್ತಲ್ಲ."

ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಸಂಜೆ ವಕೀಲರಿಗೆ ಫೋನು ಮಾಡಿದರೆ ಕೂಗಾಡಿಬಿಟ್ಟರು. "ಒಂದು ಷರತ್ತು ಸಡಿಲ ಮಾಡಿದ್ರೆ ಇನ್ನೂ ಮಾತುಕತೆ ನಡೀತಿದೆ ಅಂತ ನೀವೇ ಒಪ್ಪಿದ ಹಾಗೆ! ಎಲ್ಲ ಸೇರಿ ಒಂದು. ಒಂದು ಎಳೆ ಬಿಟ್ರೆ ಪೂರ್ತಿ ಬಿಚ್ಚುತ್ತೆ."

ಎಳೆಯ ವಿಷಯ ನನಗೇ ಹೇಳುತ್ತಾರೆ. ಆದರೆ ಮಾತು ನಿಜ. ಆಗುವುದಿಲ್ಲ ಎಂದು ಹೇಳಿಕಳಿಸಿದೆ. ಪ್ಯಾಂಟು ಮಾತ್ರ ಕತ್ತರಿಸಿಟ್ಟಿದ್ದೇನೆ.

ಮೇ 28, ಮಂಗಳವಾರ

ಕೋರ್ಟು. ಬೆಂಚು ಒಂದೇ ಖಾಲಿ ಇತ್ತು. ಈ ತುದಿಗೆ ನಾನು, ಆ ತುದಿಗೆ ತಂಗಿ. ಸೀರೆಗೆ ನೀಲಿ ರವಿಕೆ ತೊಟ್ಟಿದ್ದಳು. ನಾನು ಕತ್ತರಿಸಿದ್ದೇ, ಯಾವ ಕಾಲದ್ದೋ. ಎಡ ಭುಜದ ಹತ್ತಿರ ಈಗ ಸಡಿಲವಾಗಿದೆ. ಇಳಿದುಹೋಗಿದ್ದಾಳೆ.

ನ್ಯಾಯಾಧೀಶರು ಹೆಂಗಸು. ನಮ್ಮ ಅಳತೆಯ ಪದ್ಧತಿಯನ್ನು ಆಸಕ್ತಿಯಿಂದ ಕೇಳಿಸಿಕೊಂಡರು. ತಿರುಗಿ ಹೇಳುವುದಕ್ಕೆ ನಿಮ್ಮ ಕಸುಬಿನಲ್ಲಿ ಏನರ್ಥ ಎಂದು ಇಬ್ಬರನ್ನೂ ಕೇಳಿದರು.

"ಕೇಳಿಸ್ತು ಅಂತ ಅರ್ಥ" ಎಂದಳು ತಂಗಿ.

"ತಪ್ಪಿದ್ರೆ ಆಗಲೇ ಹೇಳಬೇಕು. ಹೇಳದಿದ್ರೆ ನಾನು ಬಟ್ಟೆಗೆ ಕತ್ತರಿ ಹಾಕ್ತೀನಿ. ಆಮೇಲೆ ಇಲ್ಲ ಅಂದ್ರೆ ಬಟ್ಟೆ ಕೂಡುತ್ತಾ?" ಎಂದೆ.

ನ್ಯಾಯಾಧೀಶರು ತಲೆದೂಗಿದರು. 'ಇದೇ ಅಂತಿಮ ತಾನೆ', 'ಆಯ್ತು' ಎರಡನ್ನೂ ಓದಿಸಿದರು. ಮಿಷನ್ನು ಯಾವತ್ತು ಸಾಗಿಸಿದಿರಿ ಎಂದು ತಂಗಿಯನ್ನು ಕೇಳಿದರು. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ಸುಳ್ಳು ಬರುವುದೂ ಇಲ್ಲ, ಹೇಳಿದರೆ ಕಿವಿ ಕೆಂಪಗಾಗುತ್ತದೆ.

ಕೊನೆಗೆ ಗೆರೆಯ ಷರತ್ತು ಬಂತು. ಎರಡು ಸಲ ಓದಿಕೊಂಡು ಕನ್ನಡಕ ತೆಗೆದರು. "ಅಕ್ಕತಂಗಿಯರ ನಡುವೆ ಇದೂ ಬೇಕೇನಮ್ಮಾ?"

ವಕೀಲರ ಕಡೆ ನೋಡಿದೆ. ಅವರು ಕಣ್ಣಲ್ಲೇ ಎಚ್ಚರಿಸಿದರು. ಎಲ್ಲ ಸೇರಿ ಒಂದು.

"ಬೇಕು" ಎಂದೆ.

ತಂಗಿ ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಗೊತ್ತಿತ್ತು ಏನು ಮಾಡಬೇಕೆಂದು.

ಜೂನ್ 14, ಶುಕ್ರವಾರ

ಗೆದ್ದೆ. ಸಹಿ ಇಲ್ಲದಿದ್ದರೂ ಮಾರ್ಚ್ ಮೂರರಂದೇ ಒಪ್ಪಂದ ಪೂರ್ಣವಾಗಿದೆ, ಎಲ್ಲ ಷರತ್ತುಗಳಿಗೂ ಇಬ್ಬರೂ ಬದ್ಧರು ಎಂದು ಆದೇಶ. ವಕೀಲರು ಕೈಕುಲುಕಿದರು. ಹೇಳಿಕೊಳ್ಳೋಣವೆಂದರೆ ಯಾರಿಗೆ ಎಂದು ತೋಚಲಿಲ್ಲ. ಮನೆಗೆ ಬಂದು ಮಲಗಿದೆ.

ಜುಲೈ 3, ಬುಧವಾರ

ಬ್ಯಾಂಡ್ ಮೇಷ್ಟ್ರು ಕೋಟು ವಾಪಸ್ಸು ತಂದರು. ಮೂವತ್ತು ವರ್ಷದಿಂದ ಬರುವ ಗಿರಾಕಿ. "ತೋಳು ಎತ್ತಿದ್ರೆ ಹಿಡಿಯುತ್ತಮ್ಮಾ. ನಾನು ತೋಳೆತ್ತದೆ ಬ್ಯಾಂಡು ನಡೆಸೋದು ಹೇಗೆ?"

ಹಾಕಿಸಿ ನೋಡಿದೆ. ಕಟಿಂಗ್ ಸರಿಯಿದೆ. ತೋಳು ಕೂಡಿಸಿದ್ದು ಸರಿಯಿಲ್ಲ. ತೋಳಿನ ಬಟ್ಟೆ ಅದನ್ನು ಕೂಡಿಸುವ ತೂತಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ನೆರಿಗೆ ಕಾಣದ ಹಾಗೆ ಆ ಹೆಚ್ಚನ್ನು ಬೆರಳಲ್ಲೇ ಒಳಗೆ ತಳ್ಳುತ್ತಾ ಹೊಲಿಯಬೇಕು. ಅದು ಅವಳ ಕೈಗೆ ಬಂದ ಹಾಗೆ ಅಪ್ಪನ ಕೈಗೂ ಬರಲಿಲ್ಲ. ನಾನು ಯಾವ ಕಾಲಕ್ಕೆ ತೋಳು ಕೂಡಿಸಿದ್ದೆ? ಬಿಚ್ಚಿ ಮತ್ತೆ ಕೂಡಿಸಿದೆ. ಮತ್ತೆ ಬಿಚ್ಚಿದೆ.

ಬಿಚ್ಚುವ ಸದ್ದು ಆಚೆಗೆ ಕೇಳಿಸಿರಬೇಕು. ದಾರ ಕೀಳುವ ಸದ್ದು ಯಾವ ದರ್ಜಿಗೆ ಗೊತ್ತಾಗುವುದಿಲ್ಲ! ಅವಳ ಮಿಷನ್ ನಿಂತಿತು. ಕೆಮ್ಮಿದಳು. ಕೂಗಿ ಕರೆಯುತ್ತೇನೋ ಎಂದು ಕಾದಳೇನೋ. ಅವಳು ಹೊಸ ಕೋಟು ಮುಟ್ಟಿದರೆ ಒಪ್ಪಂದ ಮುರಿದ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಮಿಷನ್ ಮತ್ತೆ ಶುರುವಾಯಿತು. ಪಾಪು ಆ ಕೆಮ್ಮಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದಾಳೋ ಇಲ್ಲವೋ.

ಮೇಷ್ಟ್ರಿಗೆ ಮುಂದಿನ ವಾರ ಬನ್ನಿ ಎಂದಿದ್ದೇನೆ.

ಜುಲೈ 22, ಸೋಮವಾರ

ಅವಳ ಗಂಡ ಬಂದು ಬಾಗಿಲಲ್ಲೇ ನಿಂತ. ಕೂರಲಿಲ್ಲ.

"ನಿಮಗೆ ಗೊತ್ತಿರಲಿ ಅಂತ ಹೇಳ್ತಿದ್ದೀನಿ ಅತ್ತಿಗೆ. ಈ ತಿಂಗಳ ಕೊನೆಗೆ ಹಿಂದಿನ ಕೋಣೆ ನಿಮಗೇ ಬಿಡ್ತಾಳೆ. ಹಾಡೋ ತಂಡದವರನ್ನ ವಾಪಸ್ಸು ಕಳಿಸಿಬಿಟ್ಟಳು. ಬರೀ ಜಿಪ್ಪು ಹಾಕಿಕೊಂಡು ಎಷ್ಟು ದಿನ ಕೂರೋದು ಅಂದಳು. ಬೇರೆ ಊರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕಿ ಕೆಲಸ ಸಿಕ್ಕಿದೆ. ನಾನೂ ಆ ಕಡೆ ಬಸ್ಸಿಗೆ ವರ್ಗ ಕೇಳಿದ್ದೀನಿ."

"ಒಳ್ಳೇದಾಯ್ತು" ಎಂದೆ.

ಅವನು ಹೊರಟುಹೋದ.

ಒಳ್ಳೇದಾಯ್ತು. ಇಡೀ ಅಂಗಡಿ ನನ್ನದೇ. ಹಿಂದಿನ ಕೋಣೆಯಲ್ಲಿ ಲೈನಿಂಗ್ ಬಟ್ಟೆಯ ರಾಶಿ ಇಟ್ಟುಕೊಳ್ಳಬಹುದು. ಅಂಗಳದ ಬಾಗಿಲಿಗೆ ಬೀಗ ಹಾಕಬಹುದು. ಯಾರ ಮಿಷನ್ನಿನ ಗದ್ದಲವೂ ಇರುವುದಿಲ್ಲ. ಹೊಸ ಬಟ್ಟೆ, ಹಳೆ ಬಟ್ಟೆ, ಯಾರೂ ಕೇಳುವವರಿಲ್ಲ. ಯಾರೂ ಇಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಜನ ಸುಮ್ಮನೆ ಹೇಳುವುದಿಲ್ಲ.

ಅವಳು ಹೋಗಬಾರದು. ಅಷ್ಟೇ. ನನಗೆ ಅಳು ಬರುತ್ತಿದೆ, ಇನ್ನು ಬರೆಯಲಾರೆ.

ಜುಲೈ 24, ಬುಧವಾರ

ವಕೀಲರ ಹತ್ತಿರ ಹೋಗಿ, ಇದನ್ನು ಬಿಚ್ಚಬಹುದೇ ಎಂದು ಕೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ.

"ಯಾವುದನ್ನ?"

"ಒಪ್ಪಂದಾನ."

"ಗೆದ್ದಿದ್ದು ನೀವಲ್ವಾ?"

"ಹೌದು. ಬಿಚ್ಚಬಹುದಾ?"

ಕುರ್ಚಿಗೆ ಒರಗಿ ನನ್ನನ್ನೇ ನೋಡಿದರು. "ಇಬ್ಬರೂ ಬೇಡ ಅಂದ್ರೆ ಬೇಡ. ಕಟ್ಟಿದವರೇ ಬಿಚ್ಚಬಹುದು. ಆದೇಶ ಆಗಿರೋದರಿಂದ ಕೋರ್ಟಿಗೊಂದು ಅರ್ಜಿ ಹಾಕಿದರಾಯ್ತು. ಆದರೆ ನೀವೊಬ್ಬರೇ ಬೇಡ ಅಂದ್ರೆ ಆಗಲ್ಲ. ಅವರೂ ಒಪ್ಪಬೇಕು."

"ಅವಳು ಒಪ್ಪಲ್ಲ ಅಂದ್ರೆ?"

"ಆಗ ಒಪ್ಪಂದ ನಿಲ್ಲುತ್ತೆ. ಅದನ್ನ ನಿಲ್ಲಿಸೋಕೆ ತಾನೇ ನಾವಿಷ್ಟು ಒದ್ದಾಡಿದ್ದು?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೆಸೇಜು ಹಾಕೋಣವೆಂದು ಮೊಬೈಲ್ ತೆಗೆದೆ. ಏನು ಬರೆದರೂ ನೋಟೀಸಿನ ಹಾಗೆ ಕಾಣುತ್ತಿತ್ತು. ಅಳಿಸಿಬಿಟ್ಟೆ.

ಜುಲೈ 27, ಶನಿವಾರ

ಬೆಳಗಿನಿಂದ ಆ ಕಡೆ ಪೆಟ್ಟಿಗೆ ಎಳೆದಾಡುವ ಸದ್ದು. ಮೇಷ್ಟ್ರ ಕೋಟು ಇನ್ನೂ ಟೇಬಲ್ ಮೇಲೇ ಬಿದ್ದಿತ್ತು, ಕೈ ಓಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದ್ದು ಹೋಗಿ ಬಡಗಿ ಬಿಟ್ಟ ಬಾಗಿಲನ್ನು ತಟ್ಟಿದೆ. ಗೋಡೆ ಬಂದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ.

ಪಾಪು ತೆಗೆದಳು. ಕೂದಲಿಗೆಲ್ಲ ನೂಲು ಅಂಟಿತ್ತು. ಹಿಂದೆ ಪೆಟ್ಟಿಗೆಗಳು, ಮಿಷನ್ನಿನ ಮೇಲೆ ಮುಸುಕು. ಕೋಣೆ ಎಷ್ಟು ಚಿಕ್ಕದಿದೆ! ನಾನು ಈ ಕಡೆಯಿಂದ ಲೆಕ್ಕ ಹಾಕಿದಾಗ ಇಷ್ಟು ಚಿಕ್ಕದೆಂದು ಗೊತ್ತಾಗಿರಲಿಲ್ಲ. ಕಿಟಕಿಗೆ ಬೆಳಕೂ ಬರುವುದಿಲ್ಲ. ಇಷ್ಟು ದಿನ ಈ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಿದ್ದಾಳೆ.

ಹೇಳಬೇಕೆಂದುಕೊಂಡದ್ದು ಬಹಳ ಇತ್ತು. ಷರತ್ತುಗಳೆಲ್ಲ ಬೇಡ, ಗೋಡೆ ಬೇಡ, ಮುಂದಿನ ಗಾಜಿಗೆ ಆಲ್ಟರೇಷನ್ ಚೀಟಿ ನಾನೇ ಅಂಟಿಸುತ್ತೇನೆ, ಹೋಗಬೇಡ. ಒಂದೂ ಬಾಯಿಗೆ ಬರಲಿಲ್ಲ.

"ಒಳಗೆ ಬರ್ಲಾ ಪಾಪು?" ಎಂದೆ.

ನನ್ನ ಮುಖ ನೋಡಿದಳು, ಹೊಸ್ತಿಲ ಈಚೆ ನಿಂತ ನನ್ನ ಕಾಲು ನೋಡಿದಳು. ಕಣ್ಣು ತುಂಬಿಕೊಂಡವು. ತುಟಿ ಕಚ್ಚಿ ಹಿಡಿದಳು. ಬಾ ಅನ್ನುತ್ತಾಳೆ ಎಂದೇ ಅಂದುಕೊಂಡೆ.

"ವಕೀಲರನ್ನ ಕೇಳಿ ಹೇಳ್ತೀನಕ್ಕಾ" ಎಂದಳು.

ಅವಳ ವಕೀಲರು ಸೋಮವಾರದವರೆಗೆ ಸಿಗುವುದಿಲ್ಲವಂತೆ. ಆಯ್ತು ಎಂದೆ.